ತೂತಿಲ್ಲದ ಗುಂಡಿಗಳು

ನನ್ನ ಕಾಲು ಬಾತಾಗ ನಾನು ಮೊದಲು ಬೈದದ್ದು ಹೊಲಿಗೆ ಮಶೀನನ್ನು. ಇಪ್ಪತ್ತೆರಡು ವರ್ಷ ತುಳಿದ ಮಶೀನು ಅದು. ಹುಕ್ಕೇರಿಯ ಅರ್ಧ ಊರಿನ ಹೆಂಗಸರ ಜಂಪರುಗಳು ಅದರ ಸೂಜಿಯ ಕೆಳಗೆ ಹಾದುಹೋಗಿವೆ. ಸಂಜೆಯಾದರೆ ಸಾಕು, ಕಾಲ್ಚೈನು ಚರ್ಮದೊಳಗೆ ಹೂತು ಕೂರತೊಡಗಿತು. “ನಿನ್ನ ತುಳಿದದ್ದು ಸಾಕಾಯ್ತು ಮಾರಾಯ್ತಿ” ಎಂದು ಮಶೀನಿಗೇ ಹೇಳಿದೆ. ನಮ್ಮ ಮನೆಯವರು ನನ್ನ ಮಾತನ್ನು ಖರೆ ಎಂದು ನಂಬಿ, ಸಂಕೇಶ್ವರದಿಂದ ಒಂದು ಕರೆಂಟಿನ ಮೋಟಾರು ತಂದು ಅದಕ್ಕೆ ಕೂರಿಸಿದರು. ಮೋಟಾರು ಬಂತು, ಬಾವು ಹೋಗಲಿಲ್ಲ. ಪಾಪ, ಮಶೀನಿನ ತಪ್ಪೇನೂ ಇರಲಿಲ್ಲ. ತಪ್ಪು ನಾನು ದಿನಾ ಬೆಳಿಗ್ಗೆ ಚಹಾದ ಮೊದಲು ನುಂಗುತ್ತಿದ್ದ ಪುಟ್ಟ ಬಿಳಿ ಗುಳಿಗೆಯದು.

ಇಷ್ಟು ಸಣ್ಣ ವಿಷಯ ತಿಳಿಯಲು ನನಗೆ ಮೂರು ತಿಂಗಳು ಬೇಕಾಯಿತು. ಉಳಿದದ್ದು ತಿಳಿಯಲು ಒಂದು ವರ್ಷಕ್ಕೂ ಮಿಕ್ಕಿ ಹಿಡಿಯಿತು. ಗೋಕಾಕದಲ್ಲಿ ನಾನು ತೋರಿಸಿಕೊಳ್ಳುವ ದವಾಖಾನೆಯ ಉದ್ದ ಬೆಂಚಿನ ಮೇಲೆ ಮಡಿಲಲ್ಲಿ ಫೈಲು ಇಟ್ಟುಕೊಂಡು ಕೂತ ಹೆಂಗಸರನ್ನು ಈಗಲೂ ನೋಡುತ್ತೇನೆ. ಒಬ್ಬಳಿಗೆ ಕೆಮ್ಮು, ಒಬ್ಬಳಿಗೆ ಚಕ್ಕರು, ಇನ್ನೊಬ್ಬಳು ಗಳಿಗೆಗೊಮ್ಮೆ ಎದ್ದು ಹಿತ್ತಲ ಕಡೆ ಹೋಗುತ್ತಾಳೆ. ಪ್ರತಿಯೊಬ್ಬಳೂ ಇದು ತನಗೊಬ್ಬಳಿಗೇ ಬಂದ ಕಷ್ಟ ಎಂದುಕೊಂಡು ಬಾಯಿ ಮುಚ್ಚಿ ಕೂತಿರುತ್ತಾಳೆ. ನಾನೂ ಹಾಗೇ ಕೂತಿದ್ದವಳು. ಬಾಯಿ ಮುಚ್ಚಿ ಕೂತದ್ದರಿಂದ ನನಗೆ ಏನಾಯಿತು ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ಕೊನೆಯ ಮಾತು. ನನಗಾಗ ನಲವತ್ತಾರು. ಸೂಜಿಗೆ ದಾರ ಪೋಣಿಸಲು ಕಷ್ಟವಾಗಿ, ಕನ್ನಡಕ ಮಾಡಿಸಿಕೊಳ್ಳೋಣವೆಂದು ಗೋಕಾಕಕ್ಕೆ ಹೋದೆ. ಕಣ್ಣಿನ ಡಾಕ್ಟರು ಕಣ್ಣೊಳಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಕನ್ನಡಕದ ಚೀಟಿ ಬರೆಯುವ ಮೊದಲು ಬೇರೊಂದು ಚೀಟಿ ಬರೆದರು.

“ಬಾಜೂ ಗಲ್ಲಿಯೊಳಗ ಒಬ್ಬರು ಡಾಕ್ಟರ್ ಅದಾರ. ಅವರ ಕಡೆ ಹೋಗಿ ಬಿ.ಪಿ. ತೋರಿಸ್ಕೊಂಡ ಊರಿಗೆ ಹೋಗ್ರಿ. ನಾಳಿ, ನಾಡದ ಅನಬ್ಯಾಡ್ರಿ” ಎಂದರು.

ಬಾಜೂ ಗಲ್ಲಿಯ ಡಾಕ್ಟರು ನನಗಿಂತ ಚಿಕ್ಕವರು, ಮೆಲುದನಿಯವರು. ತೋಳಿಗೆ ಪಟ್ಟಿ ಸುತ್ತಿ ಗಾಳಿ ಹಾಕಿ ನೋಡಿದರು. ಐದು ನಿಮಿಷ ಬಿಟ್ಟು ಮತ್ತೆ ನೋಡಿದರು. ಇನ್ನೊಂದು ತೋಳಿಗೂ ಸುತ್ತಿದರು. ಅಳತೆಯನ್ನು ಎರಡೆರಡು ಸಲ ತೆಗೆಯುವವರ ಮೇಲೆ ನನಗೆ ಮೊದಲಿನಿಂದಲೂ ಗೌರವ. ಒಂದೇ ಸಲ ಟೇಪು ಹಿಡಿದು ಬಟ್ಟೆಗೆ ಕತ್ತರಿ ಹಾಕುವವರು ದರ್ಜಿಗಳೇ ಅಲ್ಲ. ಆದರೆ ಇವರು ಮೂರು ಸಲ ತೆಗೆದಾಗ ಗೌರವದ ಜೊತೆಗೆ ಅಂಜಿಕೆಯೂ ಬಂತು.

“ನಿಮ್ಮ ತವರಮನ್ಯಾಗ ಯಾರಿಗರೆ ಬಿ.ಪಿ. ಇತ್ತೇನ್ರಿ ಅಕ್ಕಾರ?”

“ಗೊತ್ತಿಲ್ರಿ. ನಮ್ಮವ್ವಗ ಲಕ್ವಾ ಹೊಡದಿತ್ರಿ.”

“ಎಷ್ಟನೇ ವಯಸ್ಸಿನ್ಯಾಗ?”

“ಐವತ್ತೆರಡರಾಗ.”

ಅದನ್ನು ಅವರು ಬರೆದುಕೊಂಡರು. ಆಮೇಲೆ ಒಂದು ಗುಳಿಗೆಯ ಚೀಟಿ ಕೊಟ್ಟು, ಉಪ್ಪು ಕಡಿಮೆ ಮಾಡಲು ಹೇಳಿದರು. ಅವರು ಅವ್ವನ ವಯಸ್ಸು ಬರೆದುಕೊಂಡದ್ದನ್ನೇ ನೆನೆಯುತ್ತ ನಾನು ಬಸ್ಸಿನಲ್ಲಿ ಹುಕ್ಕೇರಿಯವರೆಗೂ ಬಂದೆ.

ನನ್ನ ತವರು ಮೂಡಲಗಿ. ಅವ್ವ ಹಳೆ ಸೀರೆ ಸೇರಿಸಿ ಹೊದೆಯುವ ಕೌದಿ ಹೊಲಿಯುವುದರಲ್ಲಿ ಊರಿಗೇ ಹೆಸರಾದವಳು. ಒಂದು ದಿನ ಮುಂಜಾನೆ ಅವಳ ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೇ ಹೋದವು. ಮೂರು ವರ್ಷ ಹಾಸಿಗೆಯಲ್ಲಿದ್ದಳು, ನಾನು ಹುಕ್ಕೇರಿಯಿಂದ ಹೋಗಿ ಹೋಗಿ ಆರೈಕೆ ಮಾಡಿದೆ. ನಾವು ಜೈನರು, ಅವ್ವ ಹೊತ್ತು ಮುಳುಗಿದ ಮೇಲೆ ಅನ್ನವಿರಲಿ, ನೀರನ್ನೂ ಮುಟ್ಟದವಳು. ಮಾತು ಹೋದ ಮೇಲೂ ಆ ನೇಮ ಬಿಡಲಿಲ್ಲ. ಸಂಜೆ ನಾನು ಗಂಜಿ ತಿನ್ನಿಸಲು ಕೂತರೆ, ಮೊದಲು ಕಣ್ಣು ಹೊರಳಿಸಿ ಕಿಟಕಿ ನೋಡುತ್ತಿದ್ದಳು. ಬಿಸಿಲು ಇನ್ನೂ ಇದೆ ಎಂದು ಖಾತ್ರಿಯಾದರೆ ಬಾಯಿ ತೆರೆಯುತ್ತಿದ್ದಳು. ಅವಳ ಕೊನೆಯ ದಿನಗಳಲ್ಲಿ ನಾನು ಅವಳ ಬಲಗೈಯನ್ನು ನನ್ನ ಕೈಯಲ್ಲಿ ಹಿಡಿದು, “ಇನ್ನ ಮ್ಯಾಲ ನಿನ್ನ ನೇಮ ನಾ ನಡಸ್ತೇನಿ ಅವ್ವಾ” ಎಂದು ಮಾತು ಕೊಟ್ಟೆ. ಆ ಕೈಗೆ ತಿರುಗಿ ಹಿಡಿಯುವ ಶಕ್ತಿ ಇರಲಿಲ್ಲ. ಕತ್ತರಿ ಹಿಡಿದಾಗೆಲ್ಲ ನನಗೆ ಆ ಕೈ ನೆನಪಾಗುತ್ತದೆ. ನನಗೆ ಸಾವಿನ ಅಂಜಿಕೆ ಅಷ್ಟಿಲ್ಲ. ಬಲಗೈ ಹೋಗಿ ಬದುಕಿರುವುದೇ ನನ್ನ ಅಂಜಿಕೆ.

ಬಿ.ಪಿ. ಸುದ್ದಿ ಕೇಳಿ ಮನೆಯವರು ತಮ್ಮ ತೀರ್ಪು ಕೊಟ್ಟರು. ಅವರಿಗೆ ಬಜಾರಿನಲ್ಲಿ ಸಣ್ಣ ಬಟ್ಟೆ ಅಂಗಡಿ. ಗಿರಾಕಿಗಳ ಜೊತೆ ದಿನವಿಡೀ ನಕ್ಕು ಮಾತಾಡುವ ಮನುಷ್ಯ.

“ನೀ ಮೊದಲ ಸಿಟ್ಟ ಕಡಿಮಿ ಮಾಡು. ಎಲ್ಲಾ ತಾನ ಆರಾಮ ಆಗತೈತಿ.”

“ಸಿಟ್ಟ ಬರೂಹಂಗ ಮಾತಾಡೂದು ನೀವು ಕಡಿಮಿ ಮಾಡ್ರಿ” ಎಂದೆ.

ನನ್ನ ಹಳೆಯ ಗಿರಾಕಿ ಗಂಗವ್ವ ತನ್ನ ಖಣದ ತುಂಡು ಹಿಡಿದು ಬಂದವಳು ಬಾಗಿಲಲ್ಲೇ ಔಷಧ ಹೇಳಿದಳು. “ಬೆಳಿಗ್ಗೆ ಎದ್ದ ಕೂಡ್ಲೆ ನಾಕ ಎಸಳ ಬಳ್ಳೊಳ್ಳಿ ಜಗೀರಿ ಅಕ್ಕಾರ. ನಮ್ಮ ಮಾವಗ ಗುಣಾ ಆಗೇತಿ.”

“ಬಳ್ಳೊಳ್ಳಿ ತಿನ್ನೂ ಮಂದೀಗೆ ಹೇಳ ಗಂಗವ್ವಾ. ನಮ್ಮ ಮನ್ಯಾಗ ಅದು ಹೊಸ್ತಲಾ ದಾಟಂಗಿಲ್ಲ.”

“ಅಯ್ಯ, ಹೌದಲ್ಲ, ಮರ್ತಿದ್ನಿ” ಎಂದು ನಾಲಿಗೆ ಕಚ್ಚಿಕೊಂಡಳು. ಊರಿಗೆ ಊರೇ ಡಾಕ್ಟರಾದ ಆ ದಿನಗಳಲ್ಲಿ ನನಗೆ ನಿಜವಾಗಿ ದುಃಖವಾದದ್ದು ಉಪ್ಪಿನಕಾಯಿ ಬಿಟ್ಟದ್ದಕ್ಕೆ. ಭರಣಿಯ ಮುಂದೆ ಹಾದುಹೋಗುವಾಗ ಮುಖ ಆಚೆ ತಿರುಗಿಸುತ್ತಿದ್ದೆ.

ಮೊದಲ ಗುಳಿಗೆ ನನ್ನ ಅಳತೆಯನ್ನೇನೋ ಇಳಿಸಿತು, ಬದಲಿಗೆ ಕಾಲಿಗೆ ಬಾವು ತಂದಿತು. ಮೋಟಾರು ಕೂರಿಸಿದ ಮೇಲೆ ಮತ್ತೆ ಗೋಕಾಕಕ್ಕೆ ಹೋದಾಗ ಡಾಕ್ಟರು ನನ್ನ ಮೊಣಕಾಲ ಕೆಳಗೆ ಹೆಬ್ಬೆರಳಿನಿಂದ ಒತ್ತಿದರು. ತಗ್ಗು ಬಿದ್ದದ್ದು ಹಾಗೇ ಉಳಿಯಿತು.

“ಇದು ಗುಳಿಗಿದ್ರಿ. ಅದು ರಕ್ತದ ನಾಳ ಸಡ್ಲ ಮಾಡತೈತಿ, ಅದಕ್ಕ ಬಿ.ಪಿ. ಇಳೀತೈತಿ. ಒಬ್ಬೊಬ್ಬರಿಗೆ ಹಿಂಗ ನೀರ ಕಾಲಿಗಿಳದ ನಿಲ್ಲತೈತಿ. ಬಿಡ್ರಿ, ಬ್ಯಾರೆ ಕೊಡ್ತೇನಿ.”

“ಮಶೀನಿಗೆ ಮೋಟಾರ ಕೂಡ್ರಿಸಿಬಿಟ್ಟೇವಲ್ರಿ ಸಾಹೇಬ್ರ!” ಎಂದೆ. ಅವರು ಅಷ್ಟು ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು. ಲಂಗದ ಲಾಡಿ ಸಡಿಲಿಸಿದರೆ ನೆರಿಗೆ ಕೆಳಗೆ ಇಳಿದಂತೆ ಎಂದು ನನ್ನ ಮಟ್ಟಿಗೆ ಅರ್ಥ ಮಾಡಿಕೊಂಡೆ.

ಎರಡನೆಯ ಗುಳಿಗೆ ಕಾಲಿಗೆ ಏನೂ ಮಾಡಲಿಲ್ಲ. ಗಂಟಲಿಗೆ ಬಂತು. ಒಣ ಕೆಮ್ಮು. ಕಫವಿಲ್ಲ, ಜ್ವರವಿಲ್ಲ, ಗಂಟಲಲ್ಲಿ ದಾರದ ಎಳೆ ಸಿಕ್ಕಿಕೊಂಡಂತೆ ಒಂದೇ ಸಮನೆ ಕೆಮ್ಮು. ಬಸದಿಯಲ್ಲಿ ಪ್ರವಚನ ನಡೆದಾಗ ಸೆರಗು ಬಾಯಿಗೆ ತುರುಕಿಕೊಂಡು ಎದ್ದು ಹೊರಗೆ ಬರುತ್ತಿದ್ದೆ. ಗಿರಾಕಿಗಳು ಅಳತೆ ಕೊಡುವಾಗ ಮುಖ ಆ ಕಡೆ ಮಾಡತೊಡಗಿದರು. ಗಂಗವ್ವ ಕೂಡ ಜಂಪರನ್ನು ಬಾಗಿಲಲ್ಲೇ ಇಟ್ಟು, “ಹಳೇದರ ಅಳತಿಗೇ ಹೊಲೀರಿ ಅಕ್ಕಾರ” ಎಂದು ಹೋದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವಳ ಮನೆಯಲ್ಲಿ ಎಳೆ ಕೂಸಿತ್ತು. ಅವಳು ಬಾಯಿಬಿಟ್ಟು ಹೇಳದ ಕ್ಷಯದ ಹೆಸರು ನನ್ನ ತಲೆಯಲ್ಲೂ ಓಡುತ್ತಿತ್ತು. ನಾನೇ ನನ್ನ ಲೋಟ, ತಾಟು ಬೇರೆ ಮಾಡಿಕೊಂಡೆ. ಮನೆಯವರು ಅದನ್ನು ನೋಡಿ, ಮರುದಿನ ಬೇಕಂತಲೇ ನನ್ನ ಲೋಟದಲ್ಲೇ ಚಹಾ ಕುಡಿದು ಅಂಗಡಿಗೆ ಹೋದರು. ಅವತ್ತು ಅವರ ಮೇಲೆ ಬಂದ ಪ್ರೀತಿಯನ್ನು ನಾನು ಬೈಗುಳದಲ್ಲೇ ತೋರಿಸಿದೆ.

ಗೋಕಾಕದಲ್ಲಿ ಎದೆಯ ಫೋಟೋ ತೆಗೆಸಿದರು. ಅದು ಒಣಗಿ ಕೈಗೆ ಬರಲು ಒಂದೂವರೆ ತಾಸು. ಆ ಬೆಂಚಿನ ಮೇಲೆ ಕೂತು ನಾನು ಕೆಮ್ಮನ್ನು ನುಂಗಿ ನುಂಗಿ ಕಣ್ಣಲ್ಲಿ ನೀರು ತಂದುಕೊಂಡೆ. ಬಾಜೂ ಕೂತಿದ್ದ ಅಂಕಲಗಿಯ ಒಬ್ಬ ಮುದುಕಿ ತನ್ನ ಸೊಂಟದ ಚೀಲದಿಂದ ಒಂದು ಲವಂಗ ತೆಗೆದು ನನ್ನ ಕೈಗಿಟ್ಟಳು. “ಬಾಯಾಗ ಹಾಕ್ಕೋ ತಂಗಿ” ಎಂದಳು, ದೂರ ಸರಿಯಲಿಲ್ಲ. ಆಕೆಯ ಹೆಸರನ್ನೂ ನಾನು ಕೇಳಲಿಲ್ಲ.

ಡಾಕ್ಟರು ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು, “ಎದಿ ಸ್ವಚ್ಛ ಐತ್ರಿ. ಇದೂ ಗುಳಿಗಿದ” ಎಂದರು. ಗುಳಿಗೆ ಬಿಟ್ಟ ಎರಡು ವಾರಕ್ಕೆ ಕೆಮ್ಮು ನಿಂತಿತು. ನಿರಾಳವೇನೋ ಆಯಿತು. ಆದರೆ ನಂಬಿಕೆಯ ಹೊಲಿಗೆ ಸ್ವಲ್ಪ ಬಿಚ್ಚಿತು. ಒಂದು ಕಾಲು ಹಿಡಿಯಿತು, ಒಂದು ಗಂಟಲು ಹಿಡಿಯಿತು, ಇನ್ನು ಮೂರನೆಯದು ಏನು ಹಿಡಿಯುತ್ತದೋ ಎಂದುಕೊಂಡೇ ಹೊಸ ಚೀಟಿ ಇಸಿದುಕೊಂಡೆ.

ಮೂರನೆಯ ಚೀಟಿಯಲ್ಲಿ ಎರಡು ಗುಳಿಗೆ. ಬೆಳಿಗ್ಗೆಗೊಂದು, ರಾತ್ರಿಗೊಂದು. ಡಾಕ್ಟರು ಹೇಳಬೇಕಾದದ್ದನ್ನೆಲ್ಲ ಹೇಳಿದ್ದರು, ಸುಳ್ಳು ಹೇಳಬಾರದು. “ರಾತ್ರಿದು ಮಲಗೂ ಮುಂದ ತಗೋರಿ. ತಗೊಂಡ ಮ್ಯಾಲ ಅಡ್ಡಾಡಬ್ಯಾಡ್ರಿ, ಮಲಗಿಬಿಡ್ರಿ. ಮುಂಜಾನೆ ಏಳೂ ಮುಂದ ಸಾವಕಾಶ ಏಳ್ರಿ.” ನಾನು ಹ್ಞೂಂ ಎಂದು ತಲೆ ಆಡಿಸಿದೆ. ನನ್ನ ಕಿವಿಗೆ ಬಿದ್ದದ್ದು ‘ರಾತ್ರಿದು’ ಎಂಬುದಷ್ಟೇ. ನಮ್ಮ ಮನೆಯಲ್ಲಿ ರಾತ್ರಿಯ ಔಷಧವೆಂದರೆ ಸಂಜೆಯ ಊಟದ ಕೊನೆಯ ತುತ್ತಿನ ಜೊತೆ, ಬಿಸಿಲು ಇರುವಾಗಲೇ ತೆಗೆದುಕೊಳ್ಳುವ ಔಷಧ. ಸಣ್ಣವಳಿದ್ದಾಗಿನಿಂದ ನೆಗಡಿ, ಜ್ವರ ಎಲ್ಲದಕ್ಕೂ ಹಾಗೇ ನಡೆದಿತ್ತು. ಅದರಲ್ಲಿ ಡಾಕ್ಟರಿಗೆ ಹೇಳುವಂಥದ್ದೇನಿದೆ ಎಂದು ನನಗೆ ಹೊಳೆಯಲೇ ಇಲ್ಲ.

ಅದೇ ದಿನ ಸಂಜೆ ಐದೂವರೆಗೆ ಊಟ ಮಾಡಿ, ರಾತ್ರಿಯ ಗುಳಿಗೆ ನುಂಗಿ, ನೀರು ಕುಡಿದು, ಲೋಟ ಬೋರಲು ಹಾಕಿದೆ. ಎಂದಿನಂತೆ ಆರತಿಗೆ ಬಸದಿಗೆ ಹೋದೆ. ಕೂತು ಕೈಮುಗಿದೆ. ಎದ್ದು ನಿಂತೆ. ನಿಂತದ್ದಷ್ಟೇ ನೆನಪು.

ಕಣ್ಣು ಬಿಟ್ಟಾಗ ನೆಲದ ಮೇಲಿದ್ದೆ, ಯಾರೋ ನನ್ನ ಮುಖಕ್ಕೆ ಸೆರಗಿನಿಂದ ಗಾಳಿ ಹಾಕುತ್ತಿದ್ದರು. ಬಲಗೈ ಎತ್ತಲು ನೋಡಿದೆ. ಕೈ ಇರಲಿಲ್ಲ. ಅಂದರೆ ಇತ್ತು, ಕಾಣುತ್ತಿತ್ತು, ಆದರೆ ಅದು ನನ್ನದಾಗಿರಲಿಲ್ಲ. ಅವ್ವನ ಕೈ ಬಂದು ನನ್ನ ಭುಜಕ್ಕೆ ಅಂಟಿಕೊಂಡಿತ್ತು. ನಾನು ಕೂಗಿದ್ದು ಬಸದಿಯ ಹೊರಗೂ ಕೇಳಿಸಿತಂತೆ. ಎರಡು ಮೂರು ನಿಮಿಷಕ್ಕೆ ಬೆರಳುಗಳಲ್ಲಿ ಜುಮುಜುಮು ಶುರುವಾಯಿತು, ಮುಷ್ಟಿ ಬಂತು. ಆ ಕೈಯ ಮೇಲೆಯೇ ಬಿದ್ದಿದ್ದರಿಂದ ಅದು ಜೋಮು ಹಿಡಿದಿತ್ತು, ಅಷ್ಟೇ. ಮಣಿಕಟ್ಟು ಉಳುಕಿದ್ದು ಎಂಟು ದಿನಕ್ಕೆ ಸರಿಯಾಯಿತು. ಅಷ್ಟೇ ಎಂದು ಈಗ ಬರೆಯುತ್ತೇನೆ. ಅವತ್ತು ಆ ಮೂರು ನಿಮಿಷದಲ್ಲಿ ನಾನು ಮೂಡಲಗಿಯ ಆ ಹಾಸಿಗೆಯಲ್ಲಿ ಮೂರು ವರ್ಷ ಮಲಗಿ ಎದ್ದು ಬಂದೆ.

ಮನೆಗೆ ಬಂದವಳೇ ತೀರ್ಮಾನ ಮಾಡಿದೆ. ಈ ಗುಳಿಗೆಗಳೇ ನನಗೆ ಲಕ್ವಾ ತರುತ್ತವೆ. ಇನ್ನು ಒಂದನ್ನೂ ಮುಟ್ಟುವುದಿಲ್ಲ.

ಹಾಗೆಂದು ಮನೆಯವರ ಮುಂದೆ ಹೇಳುವ ಧೈರ್ಯವಿರಲಿಲ್ಲ. ಹೇಳಿದರೆ ಅದೇ ಗಳಿಗೆ ಗೋಕಾಕದ ಬಸ್ಸು ಹತ್ತಿಸುತ್ತಿದ್ದರು. ಅಲ್ಲದೆ ಅವರು ಮುಂಚೆಯೇ, “ಔಷಧಕ್ಕ ಎಂಥಾ ನೇಮ? ಒಂದ ಗುಟಕ ನೀರಿಗೆ ಪಾಪ ಹತ್ತೂದಿಲ್ಲ” ಎಂದು ಎರಡು ಸಲ ಅಂದಿದ್ದರು. ಆ ಮಾತು ಮತ್ತೆ ಬರುವುದು ನನಗೆ ಬೇಡವಾಗಿತ್ತು. ನಾನು ಮಾತು ಕೊಟ್ಟದ್ದು ತಿರುಗಿ ಮಾತಾಡಲಾರದ ಅವ್ವನಿಗೆ. ಹಾಗಾಗಿ ದಿನಾ ಬೆಳಿಗ್ಗೆ, ಸಂಜೆ ಗುಳಿಗೆಯನ್ನು ಪಟ್ಟಿಯಿಂದ ಬಿಡಿಸಿ, ಖಾಲಿ ಪಟ್ಟಿಯನ್ನು ಅವರಿಗೆ ಕಾಣುವಂತೆ ಇಟ್ಟು, ಗುಳಿಗೆಯನ್ನು ನನ್ನ ಗುಂಡಿ ಡಬ್ಬಿಗೆ ಹಾಕಿದೆ. ಅದು ಬಿಸ್ಕೀಟಿನ ಹಳೆಯ ತಗಡಿನ ಡಬ್ಬಿ. ಎಸೆಯಲು ಮನಸ್ಸು ಬರಲಿಲ್ಲ. ಹೊಲಿಗೆಯವರು ಏನನ್ನೂ ಎಸೆಯುವುದಿಲ್ಲ, ಅದೂ ಒಂದು ಚಟ.

“ಗುಳಿಗಿ ತಗೊಂಡಿ?” ಎಂದು ಅವರು ದಿನಾ ಕೇಳುತ್ತಿದ್ದರು. “ಹ್ಞೂಂ” ಎನ್ನುತ್ತಿದ್ದೆ. ಹೊತ್ತು ಮುಳುಗಿದ ಮೇಲೆ ಹನಿ ನೀರು ಮುಟ್ಟದ ನಾನು ದಿನಕ್ಕೆ ಎರಡು ಸುಳ್ಳು ಸಲೀಸಾಗಿ ಹೇಳುತ್ತಿದ್ದೆ. ನಾಚಿಕೆಯಾಗುತ್ತಿತ್ತು, ಆದರೂ ಹೇಳುತ್ತಿದ್ದೆ. ತಮಾಷೆಯೆಂದರೆ ಆ ದಿನಗಳಲ್ಲಿ ನನಗೆ ಬಹಳ ಆರಾಮವೆನಿಸಿತು. ಬಾವಿಲ್ಲ, ಕೆಮ್ಮಿಲ್ಲ, ಚಕ್ಕರಿಲ್ಲ. ಬಿ.ಪಿ. ಏರಿದ್ದು ಒಳಗೆ ಏನೂ ಸದ್ದು ಮಾಡುವುದಿಲ್ಲ ಎಂದು ಆಗ ನನಗೇನು ಗೊತ್ತು?

ಎರಡು ತಿಂಗಳು ಕಳೆಯಿತು. ಸಂಕೇಶ್ವರದಲ್ಲಿ ಒಂದು ಮದುವೆಗೆ ಹೊರಟಿದ್ದರು ಮನೆಯವರು. ನೆಹರೂ ಶರ್ಟಿನ ನಡುವಿನ ಗುಂಡಿ ಕಿತ್ತು ಹೋಗಿತ್ತು. ನಾನು ಒಲೆಯ ಮುಂದಿದ್ದೆ. “ನಾನ ಹುಡಕ್ತೇನಿ ತಗೋ” ಎಂದು ಡಬ್ಬಿಯನ್ನು ಹಾಸಿಗೆಯ ಮೇಲೆ ಸುರಿದರು.  ಒಂದು ಬಿಳಿ ಗುಂಡಿ ಹಿಡಿದು ಬೆಳಕಿಗೆ ಬಂದರು, ಆ ಕಡೆ ಈ ಕಡೆ ತಿರುಗಿಸಿ ನೋಡಿದರು.

“ಇದಕ್ಕ ತೂತ ಇಲ್ಲಲ್ಲ?”

 ಅವರು ಮತ್ತೆ ಹಾಸಿಗೆಯ ಕಡೆ ನೋಡಿದರು. ಅಷ್ಟೊಂದು ಗುಂಡಿಗಳ ನಡುವೆ ತೂತಿಲ್ಲದವು ಎಷ್ಟಿವೆ ಎಂದು ಆಗ ಅವರಿಗೆ ಕಂಡಿತು. ಬೈಯುತ್ತಾರೆ ಎಂದುಕೊಂಡೆ, ನಾನೂ ಉತ್ತರ ಸಿದ್ಧ ಮಾಡಿಕೊಂಡೆ. ಅವರು ಬೈಯಲಿಲ್ಲ. ಕತ್ತರಿಸಿಟ್ಟ ಬಟ್ಟೆಗಳ ಮೇಲೆಯೇ ಕೂತುಬಿಟ್ಟರು.

“ಯಾವಾಗಿಂದ?”

“ಬಿದ್ದ ದಿನದಿಂದ.”

“ನಿಮ್ಮವ್ವನ್ನ ಕುರ್ಚಿಮ್ಯಾಲಿಂದ ಎತ್ತಿ ಹಾಸಿಗಿಮ್ಯಾಲ ಹಾಕಿದವ್ರಾಗ ನಾನೂ ಒಬ್ಬಾಂವ. ನೆಪ್ಪ ಐತಿಲ್ಲ ನಿನಗ?” ಎಂದರು. “ನಿನ್ನ ಹಂಗ ಎತ್ತಾಕ ನನ್ನ ಕಡೆಯಿಂದ ಆಗೂದಿಲ್ಲ. ನಂಗ ಅಂಜಿಕಿ ಬರತೈತಿ” ಎಂದರು. ಕಣ್ಣಲ್ಲಿ ನೀರಿತ್ತು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ತನಗೆ ಅಂಜಿಕೆಯೆಂದು ಆ ಮನುಷ್ಯ ಒಮ್ಮೆಯೂ ಹೇಳಿರಲಿಲ್ಲ. 

ಮದುವೆಗೆ ಹೋಗಲಿಲ್ಲ. ಅದೇ ಶರ್ಟಿಗೆ ನಾನು ಒಂದು ಪಿನ್ನು ಚುಚ್ಚಿಕೊಟ್ಟೆ, ಇಬ್ಬರೂ ಗೋಕಾಕದ ಬಸ್ಸು ಹತ್ತಿದೆವು. ಗುಳಿಗೆಗಳನ್ನು ಒಂದು ಕರವಸ್ತ್ರದಲ್ಲಿ ಕಟ್ಟಿ ಅವರು ಜೇಬಿನಲ್ಲಿಟ್ಟುಕೊಂಡಿದ್ದರು.

ಪಟ್ಟಿ ಸುತ್ತಿ ನೋಡಿದ ಡಾಕ್ಟರು ಈ ಸಲ ಮೂರು ಸಲ ಅಳೆಯಲಿಲ್ಲ. ಎರಡನೆಯ ಸಲಕ್ಕೇ ಎದ್ದು ಬಂದು ನನ್ನನ್ನು ಒಳಗಿನ ಕೋಣೆಯ ಮಂಚದ ಮೇಲೆ ಮಲಗಿಸಿದರು. ಒಂದು ಗುಳಿಗೆ ಕೊಟ್ಟು, ಸಂಜೆವರೆಗೆ ಇಲ್ಲೇ ಇರಬೇಕೆಂದರು. ಅಳತೆಯನ್ನು ನನಗೆ ಹೇಳಲಿಲ್ಲ. ನಾನೂ ಕೇಳಲಿಲ್ಲ. ಮಲಗಿದಲ್ಲೇ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಹೆಬ್ಬೆರಳಿಗೆ ಮುಟ್ಟಿಸುತ್ತ ಇದ್ದೆ. ಪ್ರತಿ ಸಲವೂ ಮುಟ್ಟುತ್ತಿತ್ತು. ಆದರೂ ನಿಲ್ಲಿಸಲು ಅಂಜಿಕೆ. ಮನೆಯವರು ಬಾಗಿಲ ಹೊರಗೆ ಪಿನ್ನು ಚುಚ್ಚಿದ ಶರ್ಟಿನಲ್ಲಿ ಕೂತು, ಒಳಗಿನಿಂದ ಬಂದವರನ್ನೆಲ್ಲ ನಿಲ್ಲಿಸಿ ಏನಾಯಿತು ಎಂದು ಕೇಳುತ್ತಿದ್ದರು.

ತಾಸಿಗೊಮ್ಮೆ ಬಂದು ಬಿ.ಪಿ. ನೋಡುತ್ತಿದ್ದ ಸಿಸ್ಟರು ಒಬ್ಬಳು ಇದ್ದಳು. ಸಂಜೆ ಆಕೆ ಒಂದು ಬಟ್ಟಲು ಗಂಜಿ ಹಿಡಿದು ಬಂದಳು. ನಾನು ಬೇಡವೆಂದು ಕೈ ಆಡಿಸಿದೆ. ಬೆಳಗಿನಿಂದ ಹೊಟ್ಟೆಗೇನೂ ಬಿದ್ದಿರಲಿಲ್ಲ, ಹೊತ್ತು ಎಷ್ಟಾಗಿದೆ ಎಂಬುದೂ ತಿಳಿದಿರಲಿಲ್ಲ. ಆಕೆ ಕಿಟಕಿಯ ಹತ್ತಿರ ಹೋಗಿ ಪರದೆ ಸರಿಸಿ ಹೊರಗೆ ನೋಡಿದಳು.

“ಹೊತ್ತ ಮುಳುಗಾಕ ಇನ್ನ ಅರ್ಧಾ ತಾಸ ಐತ್ರಿ. ನಿಮ್ಮ ಮನಿಯವರು ಹೊರಗ ಹೇಳಿದ್ರು, ಅದಕ್ಕ ಲಗೂ ಮಾಡಿಸ್ಕೊಂಡ ಬಂದೇನಿ. ಉಣ್ಣ್ರಿ.”

ನಾನು ಅವಳ ಕಡೆ ನೋಡಿದೆ, ಕಿಟಕಿಯ ಕಡೆ ನೋಡಿದೆ. ಗೋಡೆಯ ಮೇಲೆ ಬಿಸಿಲಿನ ಪಟ್ಟಿ ಇನ್ನೂ ಇತ್ತು. ಮೂರು ವರ್ಷ ನಾನು ಅವ್ವನಿಗೆ ಮಾಡಿದ್ದನ್ನು ಗುರುತಿಲ್ಲದ ಯಾರೋ ನನಗೆ ಮಾಡುತ್ತಿದ್ದಾರೆ ಎಂದು ಅನಿಸಿ ಅಳು ತಡೆಯಲಾಗಲಿಲ್ಲ. ಸಿಸ್ಟರು ಗಾಬರಿಯಾಗಿ ಡಾಕ್ಟರನ್ನು ಕರೆತಂದಳು. ಬಿ.ಪಿ. ಅಷ್ಟರಲ್ಲಿ ಬಹಳಷ್ಟು ಇಳಿದಿತ್ತು. ಡಾಕ್ಟರು ಮಂಚದ ಬಾಜೂ ಸ್ಟೂಲು ಎಳೆದುಕೊಂಡು ಕೂತರು.

“ನಿಮ್ಮ ಮನಿಯವರು ಎಲ್ಲಾ ಹೇಳಿದ್ರು. ಅವತ್ತ ಬಸದ್ಯಾಗ ಬಿದ್ರೆಲ್ಲ, ಗುಳಿಗಿ ಎಷ್ಟಕ್ಕ ತಗೊಂಡಿದ್ರಿ?”

“ಐದೂವರಿಗ್ರಿ.”

“ಮಲಗೂ ಮುಂದ ಅಂದಿದ್ನೆಲ್ರಿ?”

“ಹೊತ್ತ ಮುಳುಗಿದ ಮ್ಯಾಲ ನಾ ನೀರೂ ಮುಟ್ಟಂಗಿಲ್ರಿ.”

ಅವರು ಪೆನ್ನು ಜೇಬಿಗೆ ಹಾಕಿದರು. “ಹಂಗಂತ ನಂಗ್ಯಾಕ ಹೇಳ್ಲಿಲ್ರಿ ಅಕ್ಕಾರ?”

“ನೀವು ಕೇಳ್ಲಿಲ್ರಿ.”

 “ಹೌದ್ರಿ. ನಾ ಕೇಳ್ಲಿಲ್ಲ” ಎಂದರು. ಅಷ್ಟು ಓದಿದ ಮನುಷ್ಯ ಅದನ್ನು ಒಪ್ಪಿಕೊಂಡ ರೀತಿ ನನಗೆ ಔಷಧದಷ್ಟೇ ಹಿತವೆನಿಸಿತು. ಆ ಗುಳಿಗೆ ಮೊದಲ ಸಲ ಹೊಟ್ಟೆಗೆ ಹೋದಾಗ ನಾಳಗಳನ್ನು ಒಮ್ಮೆಲೇ ಸಡಿಲಿಸುತ್ತದಂತೆ. ಎದ್ದು ನಿಂತರೆ ರಕ್ತವೆಲ್ಲ ಕಾಲಿಗಿಳಿದು ತಲೆಗೆ ಸಾಲದೆ ಬೀಳುತ್ತಾರಂತೆ. ಅದಕ್ಕೇ ಅದನ್ನು ಮಲಗುವಾಗ ಕೊಡುವುದು. ಅದು ಲಕ್ವಾ ಅಲ್ಲ, ಲಕ್ವಾ ಬರುವುದು ಗುಳಿಗೆ ಬಿಟ್ಟರೆ ಎಂದು ನಿಧಾನವಾಗಿ ಹೇಳಿದರು.

“ಮತ್ತ ನಾ ನೇಮ ಬಿಡಬೇಕೇನ್ರಿ?” ಎಂದು ಕೇಳಿದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು. ನಿಜ ಹೇಳುತ್ತೇನೆ, ಅವರು ಹೌದೆಂದಿದ್ದರೆ ಏನು ಮಾಡುತ್ತಿದ್ದೆ ಎಂದು ಇಂದಿಗೂ ನನಗೆ ಗೊತ್ತಿಲ್ಲ.

“ಯಾಕ ಬಿಡತೀರಿ? ಬೆಳಿಗ್ಗೆ ತಗೊಳ್ಳೂ ಗುಳಿಗಿ ಬೇಕಾದಷ್ಟ ಅದಾವು. ಕೆಮ್ಮು ಬರಲಾರದಂಥಾದು ಒಂದು ಹೊಸಾದು ಬಂದೈತಿ. ಜೋಡಿ ಒಂದು ನೀರಿನ ಗುಳಿಗಿ. ಎರಡೂ ಹೊತ್ತ ಹುಟ್ಟಿದ ಮ್ಯಾಲ ತಗೋರಿ, ಆತು.”

ಆತು, ಅಷ್ಟೇ. ಒಂದು ವರ್ಷದ ಗೋಳು ಆ ಒಂದು ಮಾತಿಗೆ ಮುಗಿಯಿತು. ಬಾಗಿಲಲ್ಲಿ ನಿಂತಿದ್ದ ಮನೆಯವರು ಕರವಸ್ತ್ರದ ಗಂಟನ್ನು ತೆಗೆದು ಡಾಕ್ಟರ ಕೈಗೆ ಒಪ್ಪಿಸಿದರು. ಅದರಲ್ಲಿ ಗುಳಿಗೆಗಳ ಜೊತೆ ನನ್ನ ನಾಲ್ಕು ಒಳ್ಳೆಯ ಗುಂಡಿಗಳೂ ಸೇರಿದ್ದವು. ಅವನ್ನು ಆರಿಸಿ ವಾಪಸು ತೆಗೆದುಕೊಂಡೆ.

ಹೊಸ ಗುಳಿಗೆ ಹೊಂದಿಕೊಂಡಿತು. ನೀರಿನ ಗುಳಿಗೆ ಮಾತ್ರ ಮೊದಲೆರಡು ತಿಂಗಳು ಚೆನ್ನಾಗಿ ಆಟ ಆಡಿಸಿತು. ಅದು ಮೈಯೊಳಗಿನ ಉಪ್ಪುನೀರನ್ನು ಹೊರಗೆ ಕಳಿಸುವ ಗುಳಿಗೆ, ತೆಗೆದುಕೊಂಡ ಮೇಲೆ ಎರಡು ತಾಸು ಮನೆ ಬಿಟ್ಟು ಕದಲುವಂತಿಲ್ಲ. ತಿಳಿಯದೆ ಒಂದು ದಿನ ಅದನ್ನು ನುಂಗಿ ಮೂಡಲಗಿಗೆ ಹೊರಟೆ. ಘಟಪ್ರಭಾದ ರೈಲ್ವೆ ಗೇಟು ಹಾಕಿತ್ತು. ನನ್ನ ಮುಖ ನೋಡಿಯೇ ಕಂಡಕ್ಟರನಿಗೆ ಗೊತ್ತಾಯಿತೋ ಏನೋ, “ಹೋಗಿ ಬರ್ರಿ ಅಕ್ಕಾರ, ಗೇಟ ತೆಗದ್ರೂ ನಿಲ್ಲಸ್ತೇನಿ” ಎಂದ. ಕಬ್ಬಿನ ಹೊಲದಿಂದ ಬರುವಷ್ಟರಲ್ಲಿ ರೈಲು ಹೋಗಿ, ಗೇಟು ತೆಗೆದು, ಹಿಂದಿನ ಲಾರಿಗಳೆಲ್ಲ ಹಾರ್ನು ಹೊಡೆಯುತ್ತಿದ್ದವು. ಬಸ್ಸು ಮಾತ್ರ ನನಗಾಗಿ ನಿಂತಿತ್ತು. ಅಂದಿನಿಂದ ಊರಿಗೆ ಹೋಗುವ ದಿನ ಏನು ಮಾಡಬೇಕೆಂದು ಡಾಕ್ಟರನ್ನು ಕೇಳಿಯೇ ಹೊರಡುತ್ತೇನೆ. ಕೇಳುವುದು, ಹೇಳುವುದು ಎರಡೂ ಈಗ ಸಲೀಸಾಗಿ ಬರುತ್ತವೆ.

ಹೋದ ವರ್ಷ ನನಗೆ ಐವತ್ತೆರಡು ತುಂಬಿತು. ಆ ವರ್ಷವಿಡೀ ಯಾರಿಗೂ ಹೇಳದೆ ಅಂಜಿಕೊಂಡೇ ಇದ್ದೆ. ಬೆಳಿಗ್ಗೆ ಎದ್ದ ಕೂಡಲೇ ಬೆರಳುಗಳನ್ನು ಹೆಬ್ಬೆರಳಿಗೆ ಮುಟ್ಟಿಸಿ ನೋಡಿ, ಆಮೇಲೆ ಕಣ್ಣು ಬಿಡುತ್ತಿದ್ದೆ. ಈಗ ಐವತ್ತಮೂರು. ಅವ್ವನ ಕೈ ಹೋದ ವಯಸ್ಸನ್ನು ನನ್ನ ಕೈ ದಾಟಿತು. ಐವತ್ತಮೂರು ತುಂಬಿದ ದಿನ ಗಂಗವ್ವನ ಮಗಳ ಮದುವೆಯ ಜಂಪರು ಕತ್ತರಿಸುತ್ತಿದ್ದೆ. ಕೆಲಸ ನಿಲ್ಲಿಸಿ ಸ್ವಲ್ಪ ಹೊತ್ತು ಸಂತೋಷಕ್ಕೆ ಅತ್ತೆ. ಖಣಕ್ಕೆ ಕಣ್ಣೀರು ಬೀಳದಂತೆ ನೋಡಿಕೊಂಡೆ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಈ ಬೇಸಿಗೆಯಲ್ಲಿ ನಮ್ಮ ಮನೆಯವರಿಗೂ ಬಿ.ಪಿ. ಬಂತು. ಅದೇ ಡಾಕ್ಟರು, ಅದೇ ಬೆಂಚು. ಬಹಳ ಧೀರರಂತೆ ಗುಳಿಗೆ ತಂದಿಟ್ಟುಕೊಂಡರು. ಮೊನ್ನೆ ಅವರ ಶರ್ಟಿಗೆ ಗುಂಡಿ ಹಚ್ಚಲು ತೆಗೆದುಕೊಂಡೆ. ಜೇಬಿನಲ್ಲಿ ಏನೋ ಉರುಳಿತು. ಕೈ ಹಾಕಿದರೆ ಆರು ಗುಳಿಗೆ. ಅವರು ಅಂಗಡಿಯಿಂದ ಸಂಜೆಯ ಊಟಕ್ಕೆ ಬಂದು ಕೂತಿದ್ದರು. ಆರನ್ನೂ ಅವರ ತಾಟಿನ ಬಾಜೂ ಸಾಲಾಗಿ ಇಟ್ಟೆ.

“ಇವುಕ್ಕ ತೂತ ಇಲ್ಲಲ್ರಿ?”

ಅವರು ತಲೆ ತಗ್ಗಿಸಿದರು. ಸಾಲಿ ಹುಡುಗನ ಹಾಗೆ ಕಂಡರು. “ಕಾಲ ಬಾತಾವ” ಎಂದರು ಮೆಲ್ಲಗೆ. “ನೀ ಅಂಜತಿ ಅಂತ ಹೇಳ್ಲಿಲ್ಲ.”

ನನಗೆ ನಗುವೂ ಬಂತು, ಸಿಟ್ಟೂ ಬಂತು. “ನನ್ನ ಮುಂದ ಹೇಳಬ್ಯಾಡ್ರಿ. ನಾಳಿ ಡಾಕ್ಟರ್ ಮುಂದ ಹೇಳ್ರಿ. ಅವರು ಕೇಳದಿದ್ರೂ ಹೇಳ್ರಿ” ಎಂದೆ.

“ಹ್ಞೂಂ” ಎಂದರು. ಕಿಟಕಿಯ ಕಡೆ ನೋಡಿ, “ಹೊತ್ತ ಇನ್ನ ಐತಿ, ನೀನೂ ತಾಟ ಹಚ್ಚಕೊ” ಎಂದರು.

ಇಬ್ಬರೂ ಉಂಡೆವು. ಆಮೇಲೆ ನಾನು ಶರ್ಟನ್ನು ತೊಡೆಯ ಮೇಲೆ ಹಾಕಿಕೊಂಡು, ಬಲಗೈಯಲ್ಲಿ ಸೂಜಿ ಹಿಡಿದು, ನಾಲ್ಕು ತೂತಿನ ಬಿಳಿ ಗುಂಡಿಯೊಂದನ್ನು ಗಟ್ಟಿಯಾಗಿ ಹಚ್ಚಿಕೊಟ್ಟೆ.